ಹಿಗಾಕಿಯ ‘ಪರವಾಗಿಲ್ಲ’

ಹಿಗಾಕಿ ನವೋಕಿಗೆ ಬಾಯಿ ಇರಲಿಲ್ಲ ಎಂದಲ್ಲ. ಇತ್ತು, ಆದರೆ ಅದರಲ್ಲಿದ್ದದ್ದು ಒಂದೇ ಮಾತು. ಪರವಾಗಿಲ್ಲ. ಇನ್ನೊಂದು ಬಟ್ಟಲು ಅನ್ನ ಬಡಿಸಲಾ ಎಂದರೆ ಪರವಾಗಿಲ್ಲ. ಚಳಿಯಾಗುತ್ತಿದೆಯಾ, ಬಾಗಿಲು ಹಾಕಲಾ ಎಂದರೆ ಪರವಾಗಿಲ್ಲ. ಬಡಿಸಬೇಕೋ ಬಿಡಬೇಕೋ, ಹಾಕಬೇಕೋ ತೆರೆದಿಡಬೇಕೋ ಎನ್ನುವುದು ಕೇಳಿದವರ ಹಣೆಬರಹ. ನಮ್ಮ ಹಮಾದ ಬಂದರಿನಲ್ಲಿ ಎಲ್ಲರೂ ಈ ಮಾತನ್ನು ಆಡುವವರೇ. ಬೇಕು ಎನ್ನುವುದಕ್ಕೂ ಅದೇ, ಬೇಡ ಎನ್ನುವುದಕ್ಕೂ ಅದೇ, ಜೀವ ಹೋಗುತ್ತಿದೆ ಎನ್ನುವುದಕ್ಕೂ ಅದೇ. ಆದರೆ ಬೇರೆಯವರು ಅದರ ಜೊತೆಗೆ ಒಂದು ನಗುವನ್ನೋ, ಕೈ ಅಲ್ಲಾಡಿಸುವುದನ್ನೋ, ಒಂದು ‘ಅಯ್ಯೋ’ವನ್ನೋ ಸೇರಿಸುತ್ತಾರೆ, ಕೇಳಿದವರಿಗೆ ಗೊತ್ತಾಗುತ್ತದೆ. ಇವನು ಬರಿದಾಗಿ ಆಡುತ್ತಿದ್ದ, ತಲೆ ತಗ್ಗಿಸಿಕೊಂಡು. ಆ ಒಂದು ಮಾತು ಅವನ ಹದಿನಾರು ವರ್ಷದ ಆಟವನ್ನು ಹೇಗೆ ತಿಂದುಹಾಕಿತು ಎನ್ನುವುದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಕಲಿಸಿದವರು ಯಾರು ಎಂದು ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮ ಶಾಲೆಯ ಮೈದಾನ ಮೀನು ಮಾರುಕಟ್ಟೆಯ ಹಿಂದೆ ಇತ್ತು. ಅಲ್ಲಿ ಫುಟ್‌ಬಾಲ್ ಕಲಿಸುತ್ತಿದ್ದ ಮೇಷ್ಟ್ರು ಬಿದ್ದ ಹುಡುಗನ ತಲೆಯ ಮೇಲೆ ನಿಂತು, "ಏನೋ, ಆಡಕ್ಕಾಗುತ್ತೇನೋ?" ಎಂದು ಕೇಳುತ್ತಿದ್ದರು. ಅದಕ್ಕೆ ಉತ್ತರ ಒಂದೇ ಇತ್ತು. ನೋಯ್ತಿದೆ ಎಂದ ಹುಡುಗ ಆ ವಾರವೆಲ್ಲ ಬೇರೆಯವರ ಬೂಟು ಒರೆಸಬೇಕಾಗಿತ್ತು. ನವೋಕಿ ಒಂದು ಸಲವೂ ಬೂಟು ಒರೆಸಲಿಲ್ಲ. ಮಂಡಿಯ ಚರ್ಮ ಕಿತ್ತು ಮಾಂಸ ಕಾಣುತ್ತಿದ್ದಾಗಲೂ ಎದ್ದು ನಿಂತು ಪರವಾಗಿಲ್ಲ ಎಂದ. ಮೇಷ್ಟ್ರು ಭುಜ ತಟ್ಟಿ, "ನೋಡ್ರೋ, ಗಂಡಸು ಅಂದ್ರೆ ಇವ್ನು" ಎಂದರು. ಆ ಮೆಚ್ಚುಗೆ ಆ ಹುಡುಗನ ರಕ್ತದಲ್ಲಿ ಇಳಿದುಬಿಟ್ಟಿತು.

ಓಟ ಮಾತ್ರ ದೇವರು ಕೊಟ್ಟದ್ದು. ಬಲಗಡೆಯ ಅಂಚಿನ ಗೆರೆ ಹಿಡಿದು ಹೊರಟನೆಂದರೆ ಚೆಂಡು ಅವನ ಕಾಲಿಗೆ ಅಂಟಿಕೊಂಡೇ ಬರುತ್ತಿತ್ತು. ಅಡ್ಡ ಬಂದವನು ಒಳಗಡೆಗೆ ವಾಲಿದರೆ ಇವನು ಹೊರಗಡೆ, ಅವನು ಹೊರಗಡೆಗೆ ವಾಲಿದರೆ ಇವನು ಒಳಗೆ. ಕೊನೆಯ ಗೆರೆಯ ಹತ್ತಿರ ಹೋಗಿ ಅಲ್ಲಿಂದ ಗೋಲಿನ ಮುಂದಕ್ಕೆ ಒಂದು ಚೆಂಡು ಹಾಕುತ್ತಿದ್ದ. ತಲೆ ಕೊಟ್ಟರೆ ಸಾಕು, ಗೋಲು. ಹದಿನೆಂಟಕ್ಕೇ ದೊಡ್ಡ ಊರಿನ ದೊಡ್ಡ ಕ್ಲಬ್ಬಿನವರು ಬಂದು ಕರೆದುಕೊಂಡು ಹೋದರು. ಅವನ ಅಮ್ಮ ಮೀನು ಸೀಳುವ ಕೆಲಸಕ್ಕೆ ರಜೆ ಹಾಕಿ ಸ್ಟೇಷನ್ನಿಗೆ ಬಂದಿದ್ದಳು.

ನಾಲ್ಕನೇ ಪಂದ್ಯದಲ್ಲಿ ತೊಡೆಯ ಹಿಂದಿನ ಸ್ನಾಯು ಎಳೆಯಿತು. ವಿರಾಮದಲ್ಲಿ ಕೋಚ್ ಕೇಳಿದರು, "ಹಿಗಾಕಿ, ಕಾಲು?" ಇವನು ಏನಂದ ಎಂದು ಹೇಳಬೇಕೇ? ಅರವತ್ತನೇ ನಿಮಿಷಕ್ಕೆ ಸ್ನಾಯು ಪೂರ್ತಿ ಹರಿಯಿತು. ಡಾಕ್ಟರು ಬೈದರು: "ಅರ್ಧ ಆಟಕ್ಕೇ ಹೊರಗೆ ಬಂದಿದ್ರೆ ಮೂರು ವಾರ ಕಣಯ್ಯಾ. ಈಗ ಎಂಟು ತಿಂಗಳು." ಎಂಟು ತಿಂಗಳು ಕಳೆದು ಹಿಂತಿರುಗಿದ, ಮತ್ತೆ ಎಳೆಯಿತು, ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಹೀಗೆ ಅರ್ಧ ವರ್ಷ ಆಡುವುದು, ಅರ್ಧ ವರ್ಷ ಐಸು ಕಟ್ಟಿಕೊಂಡು ಮಲಗುವುದು. ಮೂರು ವರ್ಷಕ್ಕೆ ಆ ಕ್ಲಬ್ಬು ಕೈ ಬಿಟ್ಟಿತು.

ಆಮೇಲೆ ಪೂರ್ವದ ಕರಾವಳಿಯ ಎರಡನೇ ದರ್ಜೆಯ ಒಂದು ತಂಡ. ಅಲ್ಲಿಯದು ಇನ್ನೂ ಚೆಂದ. ಕೋಚ್ ಯುರೋಪಿನವರು, ಪಕ್ಕದಲ್ಲಿ ಮಾತು ದಾಟಿಸುವ ಒಬ್ಬ ಯುವಕ. ಕೋಚ್ ಕೇಳಿಸಿದರು: "ಬಲಗಡೆ ಜಾಗ ಇಲ್ಲ. ಎಡಗಡೆ ಆಡ್ತೀಯಾ?" ಇವನು ಪರವಾಗಿಲ್ಲ ಎಂದ. ಎಡವಾದರೂ ಸರಿ, ಆಡುತ್ತೇನೆ ಎಂದು ಅವನ ಅರ್ಥ. ಆ ಯುವಕ ಕೋಚ್ ಕಡೆ ತಿರುಗಿ, ಬೇಡವಂತೆ ಎಂದ. ಆ ವರ್ಷವೆಲ್ಲ ನವೋಕಿ ಬೆಂಚಿನ ಮೇಲೆ ಕೂತ. ಕೋಚಿಗೆ ತನ್ನ ಮುಖ ಕಂಡರಾಗದು ಎಂದುಕೊಂಡ. ಕೋಚ್ ಇವನಿಗೆ ಬಹಳ ಜಂಬ ಎಂದುಕೊಂಡರು. ಮೂರು ವರ್ಷದ ಮೇಲೆ ಆ ಯುವಕನ ಮದುವೆಯೂಟದಲ್ಲಿ ಮಾತಿಗೆ ಮಾತು ಬಂದು ವಿಷಯ ಹೊರಬಿತ್ತು. ಆತ ಕುಡಿದಿದ್ದರ ಅಮಲೆಲ್ಲ ಇಳಿದುಹೋಗಿ, ಮದುಮಗ ಎನ್ನುವುದನ್ನೂ ಮರೆತು ನೆಲಕ್ಕೆ ಬಗ್ಗಿ ಕ್ಷಮೆ ಕೇಳಿದ. ಅವನಿಗೂ ನವೋಕಿ ಹೇಳಿದ್ದು ಅದನ್ನೇ.

ಇಪ್ಪತ್ತೆಂಟನೇ ವಯಸ್ಸಿಗೆ ಊರಿಗೆ ಬಂದ. ನಮ್ಮ ಹಮಾದ ಕ್ಲಬ್ಬು ಮೂರನೇ ದರ್ಜೆಯದು. ಆಟಗಾರರೇ ಗ್ಯಾಲರಿಯ ಕುರ್ಚಿ ಒರೆಸುತ್ತಾರೆ, ಪಂದ್ಯವಿಲ್ಲದ ದಿನ ಶಾಲೆಗಳಿಗೆ ಹೋಗಿ ಪಾಠ ಹೇಳುತ್ತಾರೆ. ಆದರೂ ಊರಿನ ಮಗ ಊರಿನ ಅಂಗಿ ತೊಟ್ಟು ಬಲಗಡೆಯ ಗೆರೆಯಲ್ಲಿ ಓಡುವುದನ್ನು ನೋಡಲು ಜನ ಬರುತ್ತಿದ್ದರು. ಮೀನು ಮಾರುಕಟ್ಟೆಯ ಹೆಂಗಸರು ರಬ್ಬರ್ ಬೂಟಿನಲ್ಲೇ ಬಂದು, "ಹೋಗೋ ನವೋ, ಹೋಗೋ ನಮ್ಮಪ್ಪ!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದರು. ಶಾಲೆಯಲ್ಲಿ ಜೊತೆಗೆ ಓದಿದ್ದ ಶಿಹೊಳನ್ನು ಮದುವೆಯಾದ. ಅವಳ ಅಪ್ಪ ಗೆಂಜೊ ಅವರದು ಮೀನು ರುಬ್ಬಿ, ಮೆಣಸು ಕಲಸಿ ಕೆಂಪಗೆ ಕರಿದು ಮಾರುವ ಅಂಗಡಿ. ಮೂರು ತಲೆಮಾರಿನದು, ಗಂಡುಮಕ್ಕಳಿಲ್ಲ. ಅಳಿಯ ಎಂದು ಚೆಂಡು ಬಿಟ್ಟು ಜಾಲರಿ ಸೌಟು ಹಿಡಿಯುತ್ತಾನೋ ಎಂದು ಆ ಮನುಷ್ಯ ಆರು ವರ್ಷದಿಂದ ಕಾಯುತ್ತಿದ್ದ. ಕೇಳಿದಾಗೆಲ್ಲ ನವೋಕಿಯ ಉತ್ತರ ನಿಮಗೆ ಗೊತ್ತು. ಅದನ್ನು ಒಪ್ಪಿಗೆ ಎಂದೇ ಗೆಂಜೊ ಹಿಡಿದುಕೊಂಡಿದ್ದರು.

ಮೂವತ್ತನಾಲ್ಕು ತುಂಬಿದ ಆ ವರ್ಷ ಒಂದು ವಿಚಿತ್ರ ನಡೆಯಿತು. ಕಾಲು ನೋಯಲಿಲ್ಲ. ಎಳೆಯಲಿಲ್ಲ, ಹರಿಯಲಿಲ್ಲ, ಊದಲಿಲ್ಲ. ಹಿಂದಿನ ವರ್ಷ ಬಂದ ಹೊಸ ಚಿಕಿತ್ಸಕಿ ಒಬ್ಬಳು ಇವನನ್ನು ಏನೂ ಕೇಳದೆ, ನೇರವಾಗಿ ಬೆರಳಿಟ್ಟು ಸ್ನಾಯು ಒತ್ತಿ ನೋಡಿ, "ನಾಳೆ ಓಡ್ಬೇಡಿ" ಎಂದು ಆಜ್ಞೆ ಮಾಡುತ್ತಿದ್ದಳು. ಅದೇ ಮದ್ದು. ವಯಸ್ಸಿನ ಜೊತೆಗೆ ಬುದ್ಧಿಯೂ ಬಂದಿತ್ತು: ಎಲ್ಲ ಚೆಂಡಿಗೂ ಕೊನೆಯ ಗೆರೆಯ ತನಕ ಓಡಬೇಕಿಲ್ಲ, ಅರ್ಧದಿಂದಲೇ ಕಣ್ಣಳತೆಯಲ್ಲಿ ಹಾಕಬಹುದು ಎಂದು ಕಲಿತಿದ್ದ. ನವೆಂಬರ್ ಹೊತ್ತಿಗೆ ಮೂವತ್ತೈದು ಪಂದ್ಯ ಆಗಿತ್ತು, ಮೂವತ್ತೈದರಲ್ಲೂ ಆಡಿದ್ದ. ಹದಿನಾರು ವರ್ಷದಲ್ಲಿ ಮೊದಲ ಸಲ ಅವನಿಗೆ ತಾನು ಎಂಥ ಆಟಗಾರ ಎನ್ನುವುದು ಪೂರ್ತಿಯಾಗಿ ಗೊತ್ತಾಗಿತ್ತು. ಇನ್ನೊಂದು ವರ್ಷ ಬೇಕಿತ್ತು. ಬೇರೇನೂ ಬೇಡ, ಇನ್ನೊಂದೇ ಒಂದು ವರ್ಷ. ಅದನ್ನು ಅವನು ಶಿಹೊಳಿಗೆ ಕೂಡ ಹೇಳಿರಲಿಲ್ಲ, ಆದರೆ ಅನ್ನ ತಿನ್ನುವಾಗಲೂ ಅದೇ ಯೋಚನೆ.

ನವೆಂಬರ್ ನಮ್ಮ ಆಟಗಾರರಿಗೆ ಕೆಟ್ಟ ತಿಂಗಳು. ಅಭ್ಯಾಸ ಮುಗಿದ ಮೇಲೆ ಒಬ್ಬೊಬ್ಬರನ್ನೇ ಆಫೀಸಿಗೆ ಕರೆಯುತ್ತಾರೆ. ಕೆಲವರು ನಗುತ್ತಾ ಹೊರಗೆ ಬರುತ್ತಾರೆ, ಕೆಲವರು ಬೂಟಿನ ಲಾಕರ್ ಖಾಲಿ ಮಾಡುತ್ತಾರೆ. ಒಂದು ಮಂಗಳವಾರ ಕ್ಲಬ್ಬಿನ ಮ್ಯಾನೇಜರ್ ಕುನಿತಾಕೆ, ನಾವೆಲ್ಲ ಗೌರವಕ್ಕೆ ಕುನಿತಾಕೆ ಸಾನ್ ಎನ್ನುವವರು, ನವೋಕಿಯನ್ನು ಕರೆದರು. ಅರವತ್ತು ದಾಟಿದವರು, ಮೊದಲು ಮೀನುಗಾರರ ಸಂಘದಲ್ಲಿದ್ದವರು, ನಾಲ್ಕು ಕಡೆಯವರನ್ನೂ ಸಂಭಾಳಿಸಿ ಹೆಸರು ಮಾಡಿದವರು. ಸ್ಟವ್ ಮೇಲೆ ಕೆಟಲು ಕುದಿಯುತ್ತಿತ್ತು. ಒಂದು ಕಿತ್ತಳೆ ಸುಲಿದು ಅರ್ಧ ಇವನ ಮುಂದೆ ಇಟ್ಟರು.

"ಗಾಳಿ ಶುರುವಾಯ್ತು ನೋಡು. ಈ ಸಲ ಹಿಮ ಬೇಗ ಬೀಳುತ್ತೇನೋ."

"ಹೌದು."

"ಗೆಂಜೊ ಸಾನ್ ಹೆಂಗಿದಾರೆ? ಕೈ ನಡುಗುತ್ತೆ ಅಂತಿದ್ರು. ಪಾಪ, ಒಬ್ರೇ ಎಷ್ಟೂಂತ ಕರೀತಾರೆ. ನಿನ್ನ ಮಗಳು ಬರೋ ವರ್ಷ ಸ್ಕೂಲಿಗಲ್ವಾ?"

"ಹೌದು."

ಕುನಿತಾಕೆ ಸಾನ್ ಕಿತ್ತಳೆಯ ನಾರನ್ನು ಒಂದೊಂದಾಗಿ ಬಿಡಿಸಿದರು. "ಹದಿನಾರು ವರ್ಷ. ಸಣ್ಣ ಮಾತಲ್ಲ. ಬರೋ ವರ್ಷಾನೂ ಇದೇ ಚಳಿ, ಇದೇ ಬಸ್ಸಲ್ಲಿ ಹತ್ತತ್ತು ಗಂಟೆ... ಇನ್ನೊಂದು ವರ್ಷ, ನಿಂಗೆ... ಹೆಂಗೆ?"

ಇನ್ನೊಂದು ವರ್ಷ ಎಂದರು! ಬಸ್ಸು, ಚಳಿ, ವಯಸ್ಸು, ತಡೆದುಕೊಳ್ಳುತ್ತೀಯಾ ಎಂದು ಕಾಳಜಿಯಿಂದ ಕೇಳುತ್ತಿದ್ದಾರೆ ಎಂದು ನವೋಕಿ ತಿಳಿದ. ತಲೆ ತಗ್ಗಿಸಿ, ಮಂಡಿಯ ಮೇಲೆ ಎರಡೂ ಕೈ ಇಟ್ಟು, "ಪರವಾಗಿಲ್ಲ" ಎಂದ.

"ಹೌದಾ." ಕುನಿತಾಕೆ ಸಾನ್ ನಿಟ್ಟುಸಿರು ಬಿಟ್ಟರು. "ಅರ್ಥವಾಯ್ತು. ಬಹಳ ದಣಿದಿದ್ದೀಯ, ಹಿಗಾಕಿ."

ದಣಿದಿದ್ದೀಯ ಎನ್ನುವುದನ್ನು ನಮ್ಮಲ್ಲಿ ಸಂಜೆ ಕೆಲಸ ಬಿಡುವಾಗ ಎಲ್ಲರೂ ಎಲ್ಲರಿಗೂ ಹೇಳುತ್ತಾರೆ, ಕೆಲಸದಿಂದಲೇ ನಿವೃತ್ತರಾಗುವವರಿಗೂ ಹೇಳುತ್ತಾರೆ. ನವೋಕಿಯೂ ನೀವೂ ದಣಿದಿದ್ದೀರಿ ಎಂದು ಬಗ್ಗಿ, ಕಿತ್ತಳೆ ಬಾಯಿಗೆ ಹಾಕಿಕೊಂಡು ಹೊರಗೆ ಬಂದ. ದಾರಿಯಲ್ಲಿ ಒಬ್ಬನೇ ನಗುತ್ತಿದ್ದ. ಅವನು ನಗುವುದನ್ನು ಕಂಡವರು ಕಡಿಮೆ.

ಗುರುವಾರ ಬೆಳಿಗ್ಗೆ ಮಾವನ ಅಂಗಡಿಗೆ ಹೋದರೆ ಬಾಗಿಲಲ್ಲೇ ಮಾರುಕಟ್ಟೆಯ ಮೂವರು ಹೆಂಗಸರು ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದರು. "ಅಯ್ಯೋ ನವೋ, ಇಷ್ಟು ವರ್ಷ ದಣಿದೆಯಲ್ಲೋ ನಮ್ಮಪ್ಪಾ!" ಎಂದು ಒಬ್ಬಾಕೆ ಕೈ ಹಿಡಿದಳು. ಒಳಗೆ ಗೆಂಜೊ ಕೈಯಲ್ಲಿ ಪತ್ರಿಕೆ. ಅದರಲ್ಲಿ ನವೋಕಿಯ ಫೋಟೊ, ಕೆಳಗೆ ದಪ್ಪ ಅಕ್ಷರದಲ್ಲಿ: ಊರಿನ ಮಗ ಹಿಗಾಕಿ ಆಟಕ್ಕೆ ವಿದಾಯ, ಕೊನೆಯ ಪಂದ್ಯ ಈ ತಿಂಗಳ ಮೂವತ್ತಕ್ಕೆ.

"ಬಾ ಬಾ ಅಳಿಯಾ. ನಂಗೆ ಮೊದ್ಲು ಹೇಳಿದ್ರೆ ಏನು ಗಂಟು ಹೋಗ್ತಿತ್ತೋ?" ಗೆಂಜೊ ಬೈಯುವ ದನಿಯಲ್ಲಿ ಹೇಳಿದರೂ ಮುಖ ಅರಳಿತ್ತು. ಕಪಾಟಿನಿಂದ ಬಿಳಿ ಟೋಪಿ, ಬಿಳಿ ಮೇಲಂಗಿ ತೆಗೆದರು. ಎದೆಯ ಮೇಲೆ ಹಿಗಾಕಿ ಎಂದು ನೀಲಿ ದಾರದಲ್ಲಿ ಕಸೂತಿ. "ಎರಡು ವರ್ಷದಿಂದ ಹೊಲಿಸಿ ಇಟ್ಟಿದ್ದೆ. ಹಾಕ್ಕೋ, ಅಳತೆ ನೋಡಣ."

ನವೋಕಿ ಹಾಕಿಕೊಂಡ. ಹಾಕಿಕೊಳ್ಳದೆ ಏನು ಮಾಡಿಯಾನು? ಆ ನಡುಗುವ ಕೈಗಳೇ ಗುಂಡಿ ಹಾಕುತ್ತಿದ್ದವು.

ಶಿಹೊ ಅವನನ್ನು ಹಿಂದಿನ ಕೋಣೆಗೆ ಎಳೆದುಕೊಂಡು ಹೋದಳು. ಅವಳ ಕಣ್ಣು ಕೆಂಪಾಗಿತ್ತು, ಅಳುವಿನಿಂದಲ್ಲ.

"ಮಾರ್ಕೆಟ್ ಹೆಂಗಸರ ಬಾಯಿಂದ ನಂಗೆ ಗೊತ್ತಾಗ್ಬೇಕಾ? ಹೆಂಡ್ತಿ ನಾನು, ಪಕ್ಕದ್ಮನೆಯವಳಲ್ಲ."

"ನಂಗೂ ಈಗ್ಲೇ ಗೊತ್ತಾಗಿದ್ದು."

"ಏನು?"

"ನಾನು ಬಿಡ್ತೀನಿ ಅಂದಿಲ್ಲ, ಶಿಹೊ."

ಅವಳು ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. ಬಿಳಿ ಟೋಪಿ, ಬಿಳಿ ಮೇಲಂಗಿ. "ಮತ್ತೇನಂದೆ?" ಎಂದವಳು ತಕ್ಷಣ ಹಣೆ ಚಚ್ಚಿಕೊಂಡಳು. "ಬೇಡ, ಹೇಳ್ಬೇಡ. ನಂಗೊತ್ತಾಯ್ತು. ಅಯ್ಯೋ ದೇವ್ರೇ! ಒಂದ್ಸಲ ಅದೇ ಮಾತಾಡಿ ಒಂದು ವರ್ಷ ಬೆಂಚು ಕಾದೆಯಲ್ಲೋ, ಬುದ್ಧಿ ಬರ್ಲಿಲ್ವಾ? ನಿಂಗೆ ಆಡ್ಬೇಕಾ ಬೇಡ್ವಾ? ನನ್ನ ಮುಖ ನೋಡಿ ಹೇಳು."

ಹೊರಗೆ ಎಣ್ಣೆಯಲ್ಲಿ ಮೀನು ಚುಂಯ್ಗುಡುತ್ತಿತ್ತು.

"ಆಡ್ಬೇಕು."

"ಹಾಗಾದ್ರೆ ಇವತ್ತೇ ಹೋಗಿ ಹೇಳು. ಅಪ್ಪನ್ನ ನಾನು ನೋಡ್ಕೋತೀನಿ. ಮೊದ್ಲು ಆ ಟೋಪಿ ತೆಗಿ, ನೋಡಕ್ಕಾಗ್ತಿಲ್ಲ."

ಹೋದ. ಪಾಪ, ನಿಜವಾಗಿಯೂ ಹೋದ. ಆದರೆ ಆಫೀಸಿನ ಬಾಗಿಲು ತೆಗೆದರೆ ಒಳಗೆ ಅಭಿಮಾನಿ ಸಂಘದ ಎಂಟು ಜನ ನೆಲದ ಮೇಲೆ ಕೂತು ಮೂವತ್ತು ಅಡಿ ಉದ್ದದ ಬಟ್ಟೆಗೆ ಬಣ್ಣ ಹಚ್ಚುತ್ತಿದ್ದರು. ‘ಬಲಗಡೆಯ ಗೆರೆ ನಿನ್ನದೇ.’ ಎಲ್ಲರೂ ಎದ್ದು ಬಗ್ಗಿದರು. ಒಬ್ಬ ಮುದುಕ, ಬಣ್ಣದ ಕೈಯಲ್ಲೇ, ಪತ್ರಿಕೆ ಬಂದ ಬೆಳಗಿನಿಂದಲೇ ಕೊನೆಯ ಪಂದ್ಯಕ್ಕೆ ನಾಲ್ಕು ಸಾವಿರ ಟಿಕೆಟು ಹೋಗಿದೆ, ಕ್ಲಬ್ಬಿನ ಚರಿತ್ರೆಯಲ್ಲೇ ಇಲ್ಲ ಎಂದ. ಕುನಿತಾಕೆ ಸಾನ್ ಒಳಗಿನಿಂದ, "ಏನು ಹಿಗಾಕಿ, ಏನಾದ್ರೂ ಬೇಕಿತ್ತಾ?" ಎಂದು ಕೇಳಿದರು.

ಬಾಯಲ್ಲಿ ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಎಂಟು ಜನ ಕುಂಚ ಹಿಡಿದುಕೊಂಡು ಅವನ ಮುಖವನ್ನೇ ನೋಡುತ್ತಿದ್ದರು. ನವೋಕಿ ತಲೆ ತಗ್ಗಿಸಿ ಪರವಾಗಿಲ್ಲ ಎಂದು, ಬಾಗಿಲು ಎಳೆದುಕೊಂಡು ಬಂದ. ಮನೆಗೆ ಬಂದು ಶಿಹೊಳಿಗೆ ಹೇಳಿದಾಗ ಅವಳು ಬೈಯಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು.

ಉಳಿದ ಎರಡೂವರೆ ವಾರ ಅವನಿಗೆ ಬದುಕಿದ್ದಾಗಲೇ ತಿಥಿ ಮಾಡಿದ ಹಾಗಿತ್ತು. ಬಸ್ ಡ್ರೈವರು ದುಡ್ಡು ತೆಗೆದುಕೊಳ್ಳಲಿಲ್ಲ. ಮೇಷ್ಟ್ರು, ಆ ಹಳೆಯ ಮೇಷ್ಟ್ರೇ, ಊರುಗೋಲು ಹಿಡಿದು ಬಂದು ಭುಜ ತಟ್ಟಿ ಹೋದರು. ಒಬ್ಬನಿಗೆ ಮಾತ್ರ ಇದು ಅರ್ಥವಾಗಲಿಲ್ಲ: ತಂಡದ ಗೋಲು ಹೊಡೆಯುವ ಮುಂಚೂಣಿ ಆಟಗಾರ ಜಿಲ್ಮಾರ್, ಬ್ರೆಜಿಲಿನವನು. ಐದು ವರ್ಷದಿಂದ ನವೋಕಿ ಹಾಕಿದ ಚೆಂಡಿಗೆ ತಲೆ ಕೊಟ್ಟು ಗೋಲು ಹೊಡೆದು ಅನ್ನ ತಿಂದವನು. ನಮ್ಮ ಮಾತನ್ನು ಮುರಿದು ಮುರಿದು ಆಡುತ್ತಿದ್ದ.

"ಹಿಗಾ, ಕಾಲು ಚೆನ್ನಾಗಿ. ಓಟ ಚೆನ್ನಾಗಿ. ಯಾಕೆ ಬಿಡೋದು? ತಲೆ ಕೆಟ್ಟಿದೆ?"

ನವೋಕಿ ಬೂಟಿನ ದಾರ ಬಿಗಿಯುತ್ತಾ ಕೂತ.

"ನೀನು ಹೋಗು. ನನ್ನ ತಲೆಗೆ ಚೆಂಡು ಯಾರು? ಆ ಹೊಸ ಹುಡುಗ? ಅವನು ಚೆಂಡು ಸಮುದ್ರಕ್ಕೆ ಹಾಕ್ತಾನೆ!"

"ಯಾವ ಹೊಸ ಹುಡುಗ?"

ಜಿಲ್ಮಾರ್ ಕೈ ಬೀಸಿದ. ಬರುವ ವರ್ಷಕ್ಕೆ ಕಾಲೇಜಿನಿಂದ ಒಬ್ಬ ಬಲಗಡೆಯವನನ್ನು ತರುತ್ತಿದ್ದಾರೆ, ಬೇಸಿಗೆಯಲ್ಲೇ ಮಾತಾಗಿದೆ, ತನ್ನ ಏಜೆಂಟೇ ಹೇಳಿದ ಎಂದ. ಬೇಸಿಗೆಯಲ್ಲೇ ಎನ್ನುವುದು ನವೋಕಿಯ ಕಿವಿಗೆ ಬಿತ್ತು, ಆದರೆ ಆ ಹೊತ್ತಿಗೆ ಅವನು ಅದನ್ನು ಬಿಡಿಸಿ ನೋಡಲಿಲ್ಲ.

ಮೂವತ್ತನೇ ತಾರೀಖು ಮಧ್ಯಾಹ್ನ ಬಿಸಿಲಿತ್ತು, ಸಮುದ್ರದ ಕಡೆಯಿಂದ ಕೊರೆಯುವ ಗಾಳಿ. ಗ್ಯಾಲರಿ ತುಂಬಿತ್ತು. ಅವತ್ತು ಅವನು ಆಡಿದ್ದನ್ನು ನೋಡಿದವರು ಇನ್ನೂ ಹೇಳುತ್ತಾರೆ. ಎದುರು ತಂಡದ ಎಡಗಡೆಯ ಕಾವಲಿನವನು ಇಪ್ಪತ್ತೊಂದರ ಹುಡುಗ. ಅವನನ್ನು ಮೂರು ಸಲ ಹಿಂದೆ ಹಾಕಿದ. ಎಪ್ಪತ್ತೆರಡನೇ ನಿಮಿಷಕ್ಕೆ ಅರ್ಧ ಗೆರೆಯಿಂದ ಹತ್ತು ಹೆಜ್ಜೆ ಮುಂದೆ ನಿಂತು, ತಲೆಯೆತ್ತಿ ಒಮ್ಮೆ ನೋಡಿ, ಗಾಳಿಯನ್ನೂ ಲೆಕ್ಕಕ್ಕೆ ಹಿಡಿದು ಚೆಂಡು ಹಾಕಿದ. ಅದು ಬಾಗಿ ಬಂದು ಜಿಲ್ಮಾರನ ಹಣೆಯ ಮೇಲೇ ಇಳಿಯಿತು. ಒಂದು ಸೊನ್ನೆ. ಆಟ ಆ ಲೆಕ್ಕಕ್ಕೇ ಮುಗಿಯಿತು. ಮುಂದಿನ ಸಾಲಿನಲ್ಲಿದ್ದ ಗೆಂಜೊ ಕೂಡ ಎದ್ದು ನಿಂತು, ಇವನನ್ನಾ ಬಿಡಿಸೋದು ಎಂದು ತನ್ನಷ್ಟಕ್ಕೇ ಗೊಣಗಿಕೊಂಡರಂತೆ.

ಆಮೇಲೆ ಮೈದಾನದ ನಡುವೆ ಮೈಕು. ಎರಡು ಹೂಗುಚ್ಛ, ಒಂದು ಮಗಳು ಕೊತೊ ಕೊಟ್ಟದ್ದು, ಒಂದು ಕ್ಲಬ್ಬಿನದು. ಆಫೀಸಿನವರು ಟೈಪು ಮಾಡಿ ಕೊಟ್ಟ ಭಾಷಣದ ಹಾಳೆ ಜೇಬಿನಲ್ಲಿತ್ತು. ನವೋಕಿ ಅದನ್ನು ತೆಗೆದ, ನೋಡಿದ, ಮಡಚಿ ಮತ್ತೆ ಒಳಗಿಟ್ಟ. ಗ್ಯಾಲರಿ ನಿಶ್ಶಬ್ದವಾಯಿತು.

"ನಂಗೆ..." ಎಂದ. ನಿಂತ. "ನಂಗೆ ಬಿಡೋಕೆ ಇಷ್ಟ ಇಲ್ಲ."

ಯಾರೋ ಬಿಕ್ಕಿದ್ದು ಕೇಳಿಸಿತು.

"ಕಾಲು ನೋಯ್ತಾ ಇಲ್ಲ. ಈಗ್ಲೇ ಚೆನ್ನಾಗಿ ಆಡ್ತಿದೀನಿ. ಬರೋ ವರ್ಷಾನೂ ಆಡ್ಬೇಕು. ಇಲ್ಲೇ ಆಡ್ಬೇಕು. ನನ್ನ ಆಡಿಸಿ."

ಮೂವತ್ತನಾಲ್ಕು ವರ್ಷದಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದು, ಅತಿ ನೇರದ್ದೂ ಅದೇ. ಆಮೇಲೆ ನಾಲ್ಕು ಸಾವಿರ ಜನ ಒಟ್ಟಿಗೆ ಅಳತೊಡಗಿದರು. ಡೋಲು ಬಡಿದರು, ಅವನ ಹೆಸರಿನ ಹಾಡು ಎತ್ತಿದರು, ಆ ಮೂವತ್ತು ಅಡಿಯ ಬಟ್ಟೆ ಬಿಚ್ಚಿದರು. ಆಟ ಬಿಡುವವನು ಹೀಗಲ್ಲದೆ ಇನ್ನು ಹೇಗೆ ಮಾತಾಡುತ್ತಾನೆ? ಎಂಥ ಹೃದಯದ ಮಾತು! ಮಾರುಕಟ್ಟೆಯ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಊರಿಗೆ ಊರೇ ಚಪ್ಪಾಳೆ ತಟ್ಟಿತು, ಅವನು ಕೇಳಿದ್ದನ್ನು ಮಾತ್ರ ಒಬ್ಬರೂ ಕೇಳಿಸಿಕೊಳ್ಳಲಿಲ್ಲ. ಜಿಲ್ಮಾರ್ ಒಬ್ಬನೇ ಆಚೆ ಈಚೆ ತಿರುಗಿ, "ಇಷ್ಟ ಇಲ್ಲ ಅಂತಾನೆ! ಹಾಗಾದ್ರೆ ಯಾಕೆ ಬಿಡೋದು? ಯಾಕೆ?" ಎಂದು ಎಲ್ಲರನ್ನೂ ಕೇಳುತ್ತಿದ್ದ. ಪಕ್ಕದವನು ಅವನ ಬೆನ್ನು ಸವರಿದ, ಇವನೂ ದುಃಖಕ್ಕೆ ಹಾಗೆ ಆಡುತ್ತಿದ್ದಾನೆ ಎಂದುಕೊಂಡು.

ಮೈದಾನ ಸುತ್ತಿ, ನಾಲ್ಕೂ ದಿಕ್ಕಿಗೆ ಬಗ್ಗಿ, ನವೋಕಿ ಮೆಟ್ಟಿಲು ಹತ್ತಿ ಒಳಗೆ ಬಂದ. ಆಫೀಸಿನ ಮುಂದಿನ ಓಣಿಯಲ್ಲಿ ಕುನಿತಾಕೆ ಸಾನ್ ಕಾಯುತ್ತಿದ್ದರು. ಕಣ್ಣು ಒದ್ದೆ. ಹೂಗುಚ್ಛಗಳ ಸಮೇತ ಅವನ ಎರಡೂ ಕೈ ಹಿಡಿದುಕೊಂಡರು.

"ಇಂಥ ಮಾತು ನಾನು ಜನ್ಮದಲ್ಲಿ ಕೇಳಿರ್ಲಿಲ್ಲ ಕಣೋ."

"ಕುನಿತಾಕೆ ಸಾನ್, ಅದು ಭಾಷಣ ಅಲ್ಲ."

"ಆಂ?"

"ಅವತ್ತು ನಾನು ಆಡ್ತೀನಿ ಅಂತ ಹೇಳಿದ್ದು. ಬೇಡ ಅಂತ ಅಲ್ಲ. ನೀವು ತಪ್ಪು ತಿಳ್ಕೊಂಡ್ರಿ."

ಕುನಿತಾಕೆ ಸಾನ್ ಕೈ ಬಿಟ್ಟರು. ಓಣಿಯ ಎರಡೂ ಕಡೆ ನೋಡಿದರು. ಅಷ್ಟು ಹೊತ್ತಿಗೆ ಶಿಹೊ ಮೆಟ್ಟಿಲ ಹತ್ತಿರ ಬಂದು ನಿಂತಿದ್ದಳು. ಅವರು ಅವಳನ್ನು ಕಂಡರೋ ಇಲ್ಲವೋ. ದನಿ ತಗ್ಗಿಸಿ, ಹೊಟ್ಟೆಯೊಳಗಿನದನ್ನು ಇಳಿಸಿಬಿಡುವವರ ಹಾಗೆ, "ತಪ್ಪು ತಿಳ್ಕೊಂಡಿಲ್ಲ" ಎಂದರು.

ನವೋಕಿ ಒಂದು ಹೆಜ್ಜೆ ಹಿಂದೆ ಸರಿದ.

"ಗೊತ್ತಿತ್ತು ಹಿಗಾಕಿ. ನಿಂಗೆ ಆಡ್ಬೇಕು ಅಂತ ಗೊತ್ತಿತ್ತು. ನೀನು ಬಾಯ್ಬಿಟ್ಟು ಬೇಕು ಅನ್ನಲ್ಲ ಅಂತಾನೂ ಗೊತ್ತಿತ್ತು. ಅದಕ್ಕೇ ಹಾಗೆ ಕೇಳ್ದೆ. ಹುಡುಗನಿಗೆ ಬೇಸಿಗೆಯಲ್ಲೇ ಮಾತು ಕೊಟ್ಟಾಗಿತ್ತು. ಹಿಗಾಕೀನ ತೆಗೆದ್ವಿ ಅಂತ ನಾನು ಹೇಳಿದ್ರೆ ಈ ಊರು ನನ್ನ ಚರ್ಮ ಸುಲೀತಿತ್ತು. ನೀನೇ ಬಿಟ್ಟೆ ಅಂದ್ರೆ ನಿಂಗೂ ಮರ್ಯಾದೆ, ನಮ್ಗೂ ಮರ್ಯಾದೆ."

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ; ಮುರಿದದ್ದು ಒಬ್ಬ ಮನುಷ್ಯ. ಇಷ್ಟು ವರ್ಷ ತನ್ನ ಮಾತು ಯಾರಿಗೂ ಸರಿಯಾಗಿ ತಿಳಿಯುವುದಿಲ್ಲ ಎಂದು ನವೋಕಿ ಕೊರಗುತ್ತಿದ್ದ. ಕೊನೆಗೂ ಒಬ್ಬರಿಗೆ ಪೂರ್ತಿಯಾಗಿ ತಿಳಿದಿತ್ತು, ಅವರೇ ಅದರಿಂದ ಅವನ ಕತ್ತು ಕೊಯ್ದಿದ್ದರು. ಅವನ ಮುಖ ಬಿಳುಪೇರಿತು. ಹೊಡೆದುಬಿಡುತ್ತಾನೆ ಎಂದುಕೊಂಡಳಂತೆ ಶಿಹೊ, ಹೊಡೆಯಲಿ ಎಂದೂ ಅಂದುಕೊಂಡಳಂತೆ.

ಅವನು ಹೂಗುಚ್ಛಗಳನ್ನು ನೆಲದ ಮೇಲೆ ಇಟ್ಟ.

"ಕ್ಲಬ್ಬು ತೆಗೆದುಹಾಕಿದವ್ರಿಗೆ ಡಿಸೆಂಬರಲ್ಲಿ ಆಯ್ಕೆ ಪಂದ್ಯ ಇದೆ, ಬೇರೆ ಕ್ಲಬ್ಬಿನವ್ರು ನೋಡಿ ಬೇಕಾದವ್ರನ್ನ ತಗೋತಾರೆ. ತಾವಾಗಿ ಬಿಟ್ಟವ್ರನ್ನ ಅಲ್ಲಿಗೆ ಸೇರ್ಸಲ್ಲ. ನನ್ನ ತೆಗೆದುಹಾಕಿದ್ದೀರಿ ಅಂತ ಬರ್ಕೊಡಿ."

"ಹುಚ್ಚಾ ನಿಂಗೆ? ಇಷ್ಟು ಚೆನ್ನಾಗಿ ಮುಗಿದಿದೆ! ಹಾಗೆ ಬರೆದ್ರೆ ನಿನ್ನ ಹೆಸರಿಗೇ ಮಸಿ. ಮೂವತ್ತನಾಲ್ಕರವನ್ನ, ಸ್ವಂತ ಊರೇ ಬೇಡ ಅಂದವನ್ನ ಯಾರೋ ತಗೋತಾರೆ?"

"ಯಾರೂ ತಗೋಳ್ದೇ ಇರ್ಬೋದು. ಬರೀರಿ."

"ನಾಳೆ ಬಾ. ಜನ ಕೆಳಗೆ ಕಾಯ್ತಿದಾರೆ."

"ಈಗ."

ಆ ದನಿಯನ್ನು ಕುನಿತಾಕೆ ಸಾನ್ ಮೊದಲು ಕೇಳಿರಲಿಲ್ಲ. ಮೂವರೂ ಒಳಗೆ ಹೋದರು. ಅವರು ಕುರ್ಚಿ ಎಳೆದುಕೊಂಡು ಕೂತು ನಾಲ್ಕು ಸಾಲು ಬರೆದು ಮುಂದೆ ತಳ್ಳಿದರು. ನವೋಕಿ ನಿಂತೇ ಓದಿದ. ಇಬ್ಬರ ಒಪ್ಪಿಗೆಯ ಮೇರೆಗೆ ಎಂದಿತ್ತು.

"ಇದು ಸುಳ್ಳು," ಎಂದ. "ನಾನು ಒಪ್ಪಿಲ್ಲ. ಬೇರೆ ಹಾಳೆ ತಗೊಳ್ಳಿ."

ಅವರು ಶಿಹೊಳ ಮುಖ ನೋಡಿದರು, ನೀನಾದರೂ ಹೇಳಮ್ಮ ಎನ್ನುವಂತೆ. ಅವಳು ಮೇಜಿನ ಮೇಲಿದ್ದ ಹಾಳೆಯ ಕಟ್ಟನ್ನು ಅವರ ಕೈ ಹತ್ತಿರಕ್ಕೆ ಸರಿಸಿದಳು. ಕೆಳಗೆ ಜನ ಇನ್ನೂ ಹಾಡುತ್ತಿದ್ದರು. ಕುನಿತಾಕೆ ಸಾನ್ ಎರಡನೇ ಹಾಳೆಯ ಮೇಲೆ, ಕ್ಲಬ್ಬಿನ ತೀರ್ಮಾನದಂತೆ ಹಿಗಾಕಿ ನವೋಕಿಯನ್ನು ತಂಡದಿಂದ ತೆಗೆದುಹಾಕಲಾಗಿದೆ ಎಂದು ಬರೆದು, ಕೆಂಪು ಮುದ್ರೆ ಒತ್ತಿ ಕೊಟ್ಟರು.

ನವೋಕಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಎರಡು ಸಲ ಓದಿದ. ಮೈದಾನದಲ್ಲಿ ನಾಲ್ಕು ಸಾವಿರ ಜನ ಅತ್ತಾಗ ಬಾರದ ಅಳು ಆಗ ಬಂತು. ಮುದ್ರೆ ಇನ್ನೂ ಹಸಿಯಾಗಿತ್ತು. ಒದ್ದೆಯಾಗಿ ಕಲಸಿಹೋಗದಿರಲೆಂದು ಶಿಹೊ ಕಾಗದವನ್ನು ಅವನ ಕೈಯಿಂದ ತೆಗೆದುಕೊಂಡಳು.